ತಳ ಹಿಡಿದದ್ದು

ಆಪರೇಶನ್ ಆಗಿ ಮೂರನೇ ದಿನ
ಹೊಂಬಳ ಡಾಕ್ಟರ್‌ಬಾಯಿ ಸಣ್ಣ ಪ್ಲಾಸ್ಟಿಕ್ ಡಬ್ಬಿ ಕೈಗಿಟ್ಟರು:
"ನಿಮ್ಮವು. ಎಣಿಸ್ಕೊಳ್ರಿ, ಹದಿನೇಳದಾವ."

ಮುಚ್ಚಳ ತೆಗೆದೆ.
ನಲವತ್ತೊಂದು ವರ್ಷ ಧಾರವಾಡದ ಲೈನ್ ಬಜಾರಿನ ಭಟ್ಟಿ ಮುಂದ
ನಿಂತವನ ಕಣ್ಣಿಗೆ ಇವೇನು ಹೊಸಾವ?
ಅದ ಕಂದು, ಅದ ಹಳದಿ,
ಮ್ಯಾಲೆ ಅದ ಬಿಳೀ ಪುಡಿಯಂಥಾದ್ದು.
ಪೇಢಾ.
ಇಲಿ ಮದುವಿಗೆ ಯಾರೋ ಮಾಡಿಕೊಟ್ಟ ಪೇಢಾ.

ನಕ್ಕರು ಅವರು. ಒಂದನ್ನ ಬ್ಲೇಡಿನಿಂದ ಸೀಳಿ ತೋರಿಸಿದರು.
ನಡುವ ಒಂದು ಕರೀ ಚುಕ್ಕಿ, ಸಾಸಿವಿಗಿಂತ ಸಣ್ಣದು:
ಒಂದೀಟು ಲೋಳಿ, ಪಿತ್ತದ ಬಣ್ಣ, ಸುಣ್ಣದ ಕಣ.
ಅದನ್ನ ಹಿಡಕೊಂಡು ಕೊಲೆಸ್ಟೆರಾಲಿನ ಹರಳು
ಸೂಜಿ ಸೂಜಿಯಾಗಿ ಹೊರಗ ಚೆಲ್ಲಿದ್ದವು,
ಮುರಿದ ಕಲ್ಲುಸಕ್ಕರಿಯಂಗ ಹೊಳಕೋತ.
ಆಮ್ಯಾಲೆ ಪದರು. ಕಂದು, ಹಳದಿ, ಮತ್ತ ಕಂದು.
ಕಟ್ಟಕಡಿಗೆ ಸುಣ್ಣದ ತೆಳು ತೊಗಟಿ.
ಹೊಟ್ಟಿ ಮೂರು ದಿಕ್ಕಿಗೆ ಬಿರಿದಿತ್ತು,
ಬಿರುಕಿನಾಗ ಬರೇ ಗಾಳಿ.

"ಪಿತ್ತ ತೆಳ್ಳಗ ಬರ್ತದರಿ ಲಿವರಿನಿಂದ,
ಚೀಲದಾಗ ನೀರು ಹಿಂಗಿ ಹಿಂಗಿ ಗಟ್ಟಿ ಆಗ್ತದ..."
ಅಷ್ಟ ಸಾಕಿತ್ತು. ಉಳಿದದ್ದು ನಾನ ಹೇಳಿದೆ:
ಖೋವಾ ಕಾಸಿದಂಗ.
ಹತ್ತು ಲೀಟರ್ ಹಾಲು ಎರಡು ಕಿಲೋಕ್ಕ ಇಳೀಬೇಕು.
ಕೈ ನಿಂತರ ತಳ ಹಿಡೀತದ,
ಹಿಡದದ್ದು ಮತ್ತೊಂದನ್ನ ಕರೀತದ.
"ಹೌದ್ರಿ. ಅಲ್ಲೆ ತಿರುವವರು ಇರಲಿಲ್ಲ."

ಒಂದೂ ಗುಂಡಗಿಲ್ಲ. ಯಾಕಂತ ಅವರು ಹೇಳಬೇಕಿಲ್ಲ.
ಅರ್ಧ ಕಿಲೋ ಡಬ್ಬಿಯೊಳಗ ಒಂದು ಹೆಚ್ಚಿಗಿ ತುರುಕಿದ್ರ
ಎಲ್ಲಾದಕ್ಕೂ ಮೂಲಿ ಬರ್ತಾವ.
ಒಂದರ ಚಪ್ಪಟಿ ಇನ್ನೊಂದರ ಚಪ್ಪಟಿಗೆ ಕೂಡ್ತದ.
ದವಾಖಾನಿ ಚಾದರದ ಮ್ಯಾಲೆ ಜೋಡಿಸಿಕೋತ ಕುಂತೆ.
ಬಾಜೂ ಕಾಟಿನ ನವಲೂರಿನ ಮುದುಕ ಎದ್ದು ಕುಂತು ಅಂದ:
"ಆ ಉದ್ದಂದು ಈ ಕಡೆ ಬರ್ತದ ನೋಡು."

ರಾತ್ರಿ ನಿದ್ದಿಲ್ಲ. ಆ ಕರೀ ಚುಕ್ಕಿ ಯಾವುದು?
ಪಿತ್ತ ನೆತ್ತಿಗೇರ್ತದ ಅಂತಾರ. ನಂದು ಎಂದೂ ಏರಲಿಲ್ಲ.
ಮಾಲಕರ ಅಳಿಯ ಪಡದಯ್ಯ
ಖೋವಾಕ್ಕ ವನಸ್ಪತಿ ಬೆರಸಿದ ಮುಂಜಾನೆ
ನಾ ಖುರ್ಪಿ ಕೆಳಗಿಡಲಿಲ್ಲ.
ತಿರುವಿದೆ.
ಆ ಮುಂಜಾನೆಯದ ಒಂದು ತುಣುಕು ಇರಬೇಕು,
ಅದರ ಮ್ಯಾಲೆ ವರ್ಷಕ್ಕೊಂದು ಪದರು.

ಮರುದಿನ ರೌಂಡಿಗೆ ಬಂದಾಗ ಕೇಳೇ ಬಿಟ್ಟೆ.
ಚಾರ್ಟಿನಿಂದ ತಲಿ ಎತ್ತಲಿಲ್ಲ ಅವರು.
"ನುಂಗಿದ ಸಿಟ್ಟು ಕಲ್ಲಾಗೂದಿಲ್ಲರಿ ಶಿದ್ರಾಮಣ್ಣ.
ನೀವು ಉಣ್ಣೂದು ಎಷ್ಟಕ್ಕ?"

ಮೂರಕ್ಕ ಭಟ್ಟಿ ಹಚ್ಚೂದು. ಒಂದಕ್ಕ ಕಡೀ ಘಾಣ.
ಊಟ ಎರಡಕ್ಕ, ಒಮ್ಮೊಮ್ಮೆ ಮೂರಕ್ಕ.
ನಡುವ ಚಾ. ಬರೇ ಚಾ.

"ಊಟ ಬಂದ್ರ ಚೀಲ ಹಿಂಡಿಕೊಂಡು ಖಾಲಿ ಆಗ್ತದ.
ಬರಲಿಲ್ಲಂದ್ರ ಕಾಯ್ಕೋತ ಕೂಡ್ತದ.
ಅದೂ ಒಂದು ಕಾರಣರಿ. ಬ್ಯಾರೇನೂ ಇರತಾವ."

ಬ್ಯಾರೇವು ನನಗ ಕೇಳಿಸಲಿಲ್ಲ.
ದಿನಾ ಐವತ್ತು ಲೀಟರ್ ಹಾಲು ಹೊರಳಿಸಿದವನ ಪಕ್ಕಿಯೊಳಗ
ಕೂಸಿನ ಮುಷ್ಟಿಯಷ್ಟು ಒಂದು ಚೀಲ
ಒಂದು ರೊಟ್ಟಿ ಸಲುವಾಗಿ ಬಾಗಲಾ ನೋಡಿಕೋತ...
ಸಕ್ಕರಿ ವಾಸನಿಯೊಳಗ
ಹಸಿದು ಕಟ್ಟಿದ ಕಲ್ಲು.

ಮುಂದಿನ ವಾರ ಅಂಗಡಿ ತಕ್ಕಡಿಯಾಗ ತೂಗಿದೆ:
ಹನ್ನೆರಡು ಗ್ರಾಂ. ಒಂದು ಪೇಢಾಕ್ಕ ಕಮ್ಮಿ.
"ಏನದು?" ಅಂದ ಪಡದಯ್ಯ.
"ನಮ್ಮ ಮನಿ ಮಾಲು."
ಒಂದನ್ನ ನೀರಿಗೆ ಒಗದೆ. ತೇಲಿತು.

ಕಾಯಲಿಕ್ಕೆ ಚೀಲಿಲ್ಲ ಈಗ, ಪಿತ್ತ ಬಂದಂಗ ಹರದು ಹೋಗ್ತದ.
ಆದರೂ ಏಳು ಹೊಡದ ಕೂಡಲೇ ಉರಿ ತಗ್ಗಸ್ತೇನಿ.
ಭಟ್ಟಿ ಮುಂದ ಮೌಲಾಲಿ, ಹತ್ತೊಂಬತ್ತರ ಹುಡುಗ,
ಮುಂಗೈ ತುಂಬ ಸುಟ್ಟ ಕಲೆ, ಕೈ ನಿಲ್ಲಸಾಂವಲ್ಲ.
ನಾನ ಕಲಿಸಿದ್ದು.

ಏ, ಖುರ್ಪಿ ಇತ್ಲಾಗ ಕೊಡು.
ನೀ ಹೋಗಿ ಉಂಡು ಬಾ.