ಲೋಟದ ತಳ

ದೋಣಿ ಹತ್ತುವವರೆಲ್ಲ ನೀರಿನ ಕಡೆ ಮುಖ ಮಾಡಿ
ಫೋಟೋ ತೆಗೆಸಿಕೊಳ್ಳುತ್ತಾರೆ.
ನಾನು ಏರಿ ಹತ್ತಿ ಆಚೆ ಇಳಿಯುತ್ತೇನೆ, ಬೆನ್ನಿನ ಬದಿಗೆ,
ಕೈಯಲ್ಲೊಂದು ಗಾಜಿನ ಲೋಟ.

ಹೇಳಿಕೊಟ್ಟವನು ಗುತ್ಯಪ್ಪ.
ಆನಂದಪುರದ ಆಚೆ ಮೂರು ಕೆರೆಗೆ ನೀರುಗಂಟಿಯಾಗಿದ್ದವನು,
ಒಂದು ಕಿವಿ ಕೇಳುವುದಿಲ್ಲ.
ಮೊದಲ ದಿನ ಬಂದು ಏರಿಯ ಮೇಲೆ ನಿಂತವನು
ನನ್ನ ನಾಲ್ಕು ಪೆಡಲ್ ದೋಣಿ, ಹಂಸದ ಕೊರಳಿನ ಇನ್ನೆರಡು,
ಯಾವುದನ್ನೂ ನೋಡಲಿಲ್ಲ.
"ಹಿಂದ್ಗಡೆ ಎಲ್ಲಿ ಒದ್ದೆ ಅದೆ, ತೋರ್ಸು ಬಾಯಮ್ಮ."

ತೋರಿಸಿದೆ,
ಸೋರುವ ಮಾಡನ್ನು ಬೀಗರಿಗೆ ತೋರಿಸಿದ ಹಾಗೆ.
ಅವನು ನಗಲಿಲ್ಲ.
"ಮಣ್ಣಿನ ಏರಿ ಅಂದ್ಮೇಲೆ ಬೆವರ್ತದೆ.
ಬೆವರಿಗೆ ಬಣ್ಣ ಬಂತಾ, ಅದನ್ನ ಕಾಯಿ."

ಅಂದಿನಿಂದ ಸೋಮವಾರ ಸೋಮವಾರ
ಬುಡದ ಜಿನುಗಿಗೆ ಲೋಟ ಹಿಡಿದು
ಬೇಲಿಕಲ್ಲಿನ ಮೇಲಿಟ್ಟು, ಒಂದು ಗಂಟೆ ಬಿಟ್ಟು
ತಳ ನೋಡುವುದು.
ಚಹಾದ ಲೋಟ ಒಂದು ಕಡಿಮೆಯಾಯಿತೆಂದು
ಮೈದುನ ವಿಲ್ಫಿ ಗೊಣಗಿದ.

ನೆರಳಿರಲೆಂದು ಏರಿಯ ಮೇಲೆ ನಾನು ನೆಟ್ಟ ಅಕೇಶಿಯಾ
ಬೇರು ಸತ್ತ ದಿನ ನೀರಿಗೆ ಕೊಳವೆಯಂತೆ.
ಕಡಿಸಿದ, ಬುಡ ಅಗೆಸಿದ, ಜೇಡಿ ತುಂಬಿಸಿ ಕುಟ್ಟಿಸಿದ.
ಏಡಿಬಿಲಕ್ಕೆ ಕೋಲು ಹಾಕಿ ಆಳ ನೋಡಿದ.
ಹುಲ್ಲಿರಲಿ, ಮೋಟಾಗಿರಲಿ, ಏರಿಯ ಚರ್ಮ ಕಾಣಬೇಕು.
ಕೋಡಿಯ ಬಾಯಿಗೆ ಮಾತ್ರ,
ನಿನ್ನ ಕೈ ಮುಗಿತೀನಿ, ಏನೂ ಇಡಬೇಡ.

ಇಟ್ಟೆ.
ಅವನು ಸೊರಬದ ಮಗಳ ಮನೆಗೆ ಹೋಗಿದ್ದ ಆಗಸ್ಟಿನಲ್ಲಿ
ಮೂರು ಹಲಗೆ, ಮೇಲೊಂದು ಮೀನಿನ ಬಲೆ.
ಮೊಳ ನೀರು ಏರಿದರೆ
ದೋಣಿ ಆಚೆ ಬಂಡೆಯವರೆಗೂ ಹೋಗುತ್ತದೆ,
ಟಿಕೆಟ್ಟಿಗೆ ಇಪ್ಪತ್ತು ರೂಪಾಯಿ ಜಾಸ್ತಿ.
ನನ್ನ ಆಸೆ ಅಷ್ಟೇ ಉದ್ದ, ಒಂದು ಮೊಳ.

ಎರಡನೇ ಸೋಮವಾರ ಲೋಟದ ತಳದಲ್ಲಿ
ಉಗುರಿನಷ್ಟು ಕೆಂಪು.
ಅಲುಗಿಸಿದೆ, ಎದ್ದಿತು.
ಬಿಟ್ಟೆ, ಕೂತಿತು.
ಏರಿ ಚಿಟಿಕೆ ಚಿಟಿಕೆಯಾಗಿ
ಲೋಟದೊಳಗೆ ಇಳಿಯತೊಡಗಿತ್ತು.

ಕೆಳಗೆ ಗದ್ದೆ, ಗದ್ದೆಯಂಚಿಗೆ ಅಂಗನವಾಡಿ, ನೀಲಿ ಬಾಗಿಲು.
ಏಳು ವರ್ಷದಿಂದ ಕಂಡ ಬಾಗಿಲು.
ಅದರ ಹೊಸಿಲು ಕೆರೆಯ ನೀರಿಗಿಂತ ಎಷ್ಟು ಕೆಳಗೆಂದು
ಅವತ್ತು ಲೆಕ್ಕ ಹಾಕಿದೆ.

ಓಡಿದೆ. ಶಕೀಲಾ ಟೀಚರ್ ಏನೂ ಕೇಳದೆ
ಮಕ್ಕಳನ್ನು ದಿಬ್ಬದ ದಾರಿಯಲ್ಲಿ ಮನೆಗೆ ಕಳಿಸಿದರು,
ಅರ್ಧ ಬೆಂದ ಉಪ್ಪಿಟ್ಟು ಒಲೆಯ ಮೇಲೆ.
ಹಲಗೆ ಕಿತ್ತೆವು, ಬಲೆ ಕತ್ತರಿಸಿದೆವು.
ಗುತ್ಯಪ್ಪ ಫೋನಿನಲ್ಲಿ ಊರಿಗೆಲ್ಲ ಕೇಳುವಂತೆ:
"ತೂಬು ಒಂದೇ ಸಲ ಎತ್ಬೇಡ, ಒಳಮೈ ಜಾರ್ತದೆ!
ಜಿನುಗಿನ ಬಾಯಿಗೆ ಸಿಮೆಂಟು ಮೆತ್ತೀಯ ಮತ್ತೆ!
ಮರಳು ಹಾಕು, ಮೇಲೆ ಸಣ್ಣ ಜಲ್ಲಿ, ಅದ್ರ ಮೇಲೆ ದಪ್ಪದ್ದು.
ನೀರು ಹೋಗ್ಲಿ ಬಿಡು. ಮಣ್ಣು ಹಿಡ್ಕ."

ಬುಟ್ಟಿ, ಬುಟ್ಟಿ, ಬುಟ್ಟಿ.
ರಾತ್ರಿ ಮಳೆಯಲ್ಲಿ ಬ್ಯಾಟರಿ ಹಿಡಿದು
ಲೋಟ, ಮತ್ತೆ ಲೋಟ.
ಬೆಳಗಿನ ಜಾವ ಒಂದು ತಿಳಿಯಾಗಿ ಬಂತು.
ನಂಬದೆ ಇನ್ನೊಂದು ಹಿಡಿದೆ.

ದೋಣಿಗಳು ಕೆಸರಿನಲ್ಲಿ ಕೂತವು, ಹಂಸಗಳು ಒಂದು ಬದಿಗೆ ವಾಲಿ.
ಶನಿವಾರ ಬಂದ ವ್ಯಾನಿನವರು ಬೈದು ತಿರುಗಿದರು.

ಗುತ್ಯಪ್ಪ ಬಂದ.
ಕೋಡಿಯ ಕಲ್ಲಿನಲ್ಲಿ ಹಲಗೆ ಉಜ್ಜಿದ ಗೆರೆಯನ್ನು
ಹೆಬ್ಬೆರಳಿನಿಂದ ಸವರಿದ. ಕೇಳಲಿಲ್ಲ.
ಲೋಟವನ್ನು ಬೆಳಕಿಗೆತ್ತಿ ನೋಡಿ, ನೀರು ಚೆಲ್ಲಿ,
"ಇದ್ರಲ್ಲೇ ಚಾ ಕೊಡು" ಅಂದ.

ಎರಡು ಸಲ ತೊಳೆದೆ.