ಹತ್ತು ಪದರ ಕಾಗದ

ಆ ಕಡತ ನನ್ನ ಮೇಜಿಗೆ ಬಂದದ್ದು ಜುಲೈಯಲ್ಲಿ.
ತಾನೇ ಆರುವ ಸಿಗರೇಟು, ಪ್ರಾಯೋಗಿಕ ಜಿಲ್ಲೆ: ಕೊಡಗು.
ಸೇದದೆ ಬಿಟ್ಟರೆ ಕೆಂಡ ಮುಂದೆ ಹೋಗಬಾರದು,
ಅದಕ್ಕೆಂದೇ ಕಾಗದದಲ್ಲಿ ಎರಡು ದಪ್ಪ ಪಟ್ಟಿ,
ಶಾಲೆಯ ಮುಂದಿನ ರಸ್ತೆ ಉಬ್ಬಿನ ಹಾಗೆ.

ಕಂಪನಿಯ ಶುಲ್ಕ ಖಜಾನೆಗೆ,
ಖಜಾನೆಯಿಂದ ನಿಧಿಗೆ,
ನಿಧಿಯಿಂದ ನಮಗೆ, ಮೂರು ಕಂತು.
ಅಗ್ನಿಶಾಮಕದವರು ಅಬಕಾರಿಯತ್ತ ನೋಡಿದರು,
ಅಬಕಾರಿಯವರು ಅರಣ್ಯದತ್ತ,
ಅರಣ್ಯದವರು ಕಿಟಕಿಯಾಚೆ ಮಂಜು ನೋಡಿದರು.
ಕಡತ ನನ್ನದಾಯಿತು:
ದ್ವಿತೀಯ ದರ್ಜೆ ಸಹಾಯಕಿ,
ಊದುಬತ್ತಿಗೂ ಕೆಮ್ಮುವವಳು.

ನಿಯಮ ಏಳು: ಹತ್ತು ಪದರ ಸೋಸುಕಾಗದದ ಮೇಲೆ
ನಲವತ್ತು ಸಿಗರೇಟು ಹಚ್ಚಿಡತಕ್ಕದ್ದು.
ಮೂವತ್ತಾದರೂ ನಡುದಾರಿಯಲ್ಲಿ ಆರತಕ್ಕದ್ದು.
ಪ್ರಯೋಗಾಲಯ ಎಲ್ಲಿ?
ಟೆಂಡರಿನಲ್ಲಿ.
ಹಾಗಾಗಿ ಮಡಿಕೇರಿ ಕಚೇರಿಯ ಹಿಂದಿನ ಕೋಣೆ,
ಒಡೆದ ಕುರ್ಚಿಗಳನ್ನು ಒತ್ತಟ್ಟಿಗೆ ಸರಿಸಿ.
ಸಿಗರೇಟು ಮೊಯ್ದು ಕಾಕನ ಪೆಟ್ಟಿಗೆ ಅಂಗಡಿಯಿಂದ,
ಬಿಲ್ಲು ಸಮೇತ. ಅವರು ಬಿಲ್ಲು ಬರೆದದ್ದು ಅದೇ ಮೊದಲು,
ತಾರೀಖು ನನ್ನನ್ನೇ ಕೇಳಿದರು.

ಜುಲೈಯ ಮಡಿಕೇರಿ. ಗೋಡೆಗೆ ಬೂಷ್ಟು,
ರಬ್ಬರ್ ಸ್ಟಾಂಪಿಗೂ ಬೂಷ್ಟು.
ಕಡ್ಡಿ ಗೀರಿದರೆ ಮದ್ದು ಕಿತ್ತು ಬರುತ್ತದೆ.
ಪಟ್ಟಿ ಇದ್ದದ್ದು ಆರಿತು,
ಪಟ್ಟಿ ಇಲ್ಲದ್ದೂ ಆರಿತು,
ಸೂಪರಿಂಟೆಂಡೆಂಟ್ ಮೇದಪ್ಪ ತಮ್ಮ ಜೇಬಿನದೊಂದು ಇಟ್ಟರು,
ಅದೂ ಆರಿತು.
‘ಬರೆಯಿರಿ, ನಲವತ್ತಕ್ಕೆ ನಲವತ್ತೊಂದು.’
ನಾನು ನಲವತ್ತೆಂದು ಬರೆದೆ.
ವರದಿ ಮೇಲೆ ಹೋಯಿತು. ಮೆಚ್ಚುಗೆ ಕೆಳಗೆ ಬಂತು.

ಜೊತೆಗೆ ಲೆಕ್ಕಪರಿಶೋಧನೆಯ ಆಕ್ಷೇಪಣೆ:
ಸರ್ಕಾರಿ ಹಣದಲ್ಲಿ ಸಿಗರೇಟು ಖರೀದಿಸಿದ್ದೇಕೆ?
ತುಂಡುಗಳ ವಿಲೇವಾರಿ ಹೇಗೆ?
ಮೂರು ಪುಟ ಉತ್ತರ ಕೊಟ್ಟೆ.
ತುಂಡುಗಳು ಗುಂಡುಪಿನ್ನಿನ ಡಬ್ಬಿಯಲ್ಲಿವೆ, ಈಗಲೂ.

ಮಾರ್ಚಿಯಲ್ಲಿ ಇರ್ಪಿನ ಮೇಲಿನ ಹುಲ್ಲುಬೆಟ್ಟ
ಮೂರು ದಿನ ಉರಿಯಿತು.
ಇಪ್ಪತ್ತೊಂಬತ್ತಕ್ಕೆ ಬೆಂಕಿ ಕಾವಲಿನ ವೈ. ಕೆ. ಗಪ್ಪು ಬಂದ,
ಎರಡು ತಿಂಗಳ ಕೂಲಿ ಕೇಳಲು.
(ವೈ ಅಂದರೆ ಯರವ. ನಮ್ಮ ರಿಜಿಸ್ಟರಿನಲ್ಲಿ ಹಾಗೆ.)
ಒಂದು ಹುಬ್ಬು ಇರಲಿಲ್ಲ.
ಹಸಿ ಸೊಪ್ಪಿನಲ್ಲಿ ಬಡಿದದ್ದು, ಮೇಡಂ,
ಸೊಪ್ಪು ಮುಗಿದ ಮೇಲೆ ಗೋಣಿಯಲ್ಲಿ,
ಆಮೇಲೆ ಎಂತದ್ದರಲ್ಲೋ.

ಅಂಗಿಯ ಜೇಬಿನಿಂದ ಅರ್ಧ ಸಿಗರೇಟು ತೆಗೆದು ಮೇಜಿನ ಮೇಲಿಟ್ಟ.
ಬಂಡೆಯ ಮೇಲೆ ಸಿಕ್ಕಿತಂತೆ, ಸುಟ್ಟ ಹುಲ್ಲಿನ ಅಂಚಿಗೆ.
ಬೆಳಕಿಗೆ ಹಿಡಿದೆ. ಪಟ್ಟಿಯ ಹತ್ತಿರ ನಿಂತಿತ್ತು,
ನಿಯಮ ಏಳರಂತೆ.
‘ಇದೋ, ಇದರ ಜೊತೆಯದ್ದೋ, ನಂಗೆ ಗೊತ್ತಿಲ್ಲ.’
ಬೀಡಿ ಕಟ್ಟು ಹೊರತೆಗೆದವನು ನನ್ನ ಮುಖ ಕಂಡು ಒಳಗಿಟ್ಟ.
‘ಎಳೀದೆ ಬಿಟ್ರೆ ಇದೂ ತಾನೇ ಸಾಯ್ತದೆ.
ಇದಕ್ಕೆ ಯಾರು ದುಡ್ಡು ಕೊಟ್ಟದ್ದು?’
ಚುಚ್ಚಿ ಕೇಳಿದ್ದಲ್ಲ. ನಿಜವಾಗಿ ಕೇಳಿದ.

ನಿಧಿಯಲ್ಲಿ ಹನ್ನೊಂದು ಲಕ್ಷ ಉಳಿದಿತ್ತು,
ಜಾಗೃತಿ ಫಲಕಗಳ ಬಾಬ್ತು.
ಪುನರ್ವಿನಿಯೋಗ ಕೋರಿ ಅಂದೇ ಟಿಪ್ಪಣಿ ಇಟ್ಟೆ:
ಫಲಕ ಓದಲು ಬೆಟ್ಟ ಇರಬೇಕಷ್ಟೆ, ಎಂದು ಬರೆದು
ಆ ಸಾಲು ಹೊಡೆದು ಹಾಕಿದೆ.
ಮೂವತ್ತೊಂದರ ಸಂಜೆ ಉತ್ತರ ಬಂತು.
ಲೆಕ್ಕಶೀರ್ಷಿಕೆ ಬೇರೆ. ಮೊತ್ತವನ್ನು ಹಿಂದಿರುಗಿಸುವುದು.
ಅದೇ ರಾತ್ರಿ ಹೂಮಳೆ.
ಬೆಳಿಗ್ಗೆ ತೋಟದವರೆಲ್ಲ ಫೋನಿನಲ್ಲಿ ಸೆಂಟು ಲೆಕ್ಕ ಹಾಕುವಾಗ
ಮೇದಪ್ಪ ಕಡತದ ಅಂಚಿನಲ್ಲಿ ಬರೆದರು:
ಬೆಂಕಿ ಆರಿದೆ. ಮುಕ್ತಾಯಗೊಳಿಸಬಹುದು.

ಕೂಲಿ ಬೇರೆಲ್ಲಿಂದಲೋ ಬಂತು, ಮೇ ತಿಂಗಳಲ್ಲಿ.
ಗಪ್ಪು ಯಂತ್ರದ ಗಾಜಿನ ಮೇಲೆ ಹೆಬ್ಬೆಟ್ಟು ಇಟ್ಟ.
ಗುರುತು ಸಿಗುತ್ತಿಲ್ಲ, ಮತ್ತೊಮ್ಮೆ ಪ್ರಯತ್ನಿಸಿ.
ಚರ್ಮ ಹೊಸದು, ಗುಲಾಬಿ, ಗೆರೆಯಿಲ್ಲದ್ದು.
ಬೇರೆ ಬೆರಳು ಇಡು ಅಂದೆ.
ಇಟ್ಟ.
ಒಂದೊಂದಾಗಿ, ಅವಸರವಿಲ್ಲದೆ,
ಹತ್ತೂ ಇಟ್ಟ.