ಏಳನೇ ನಂಬರಿನ ಕೋಣೆ

ಮಂಡ್ಯದ ಆಸ್ಪತ್ರೆಗೆ ನಾನು ಸೇರಿದಾಗ
ಕೆಲಸವೆಂದರೆ ಟ್ರೇ ಹಿಡಿದು ನಿಲ್ಲುವುದು.
ಇಕ್ಕಳ ಕೇಳಿದರೆ ಇಕ್ಕಳ, ಹತ್ತಿ ಕೇಳಿದರೆ ಹತ್ತಿ.
ಕೊಳೆಯುವುದರ ವಾಸನೆ ಮೊದಲು ಬಡಿಯುತ್ತಿದ್ದುದು ನನ್ನ ಮೂಗಿಗೇ.
ಯಾರೂ ಕೇಳಲಿಲ್ಲ.

ಒಂದೇ ಒಂದು ಸಲ ಬಾಯಿಬಿಟ್ಟೆ:
ಸಾರ್, ಹೆಬ್ಬೆರಳು ಕಪ್ಪಾಗ್ತಿದೆ.
ಹತ್ತಿ, ಅಂದರು.
ಐದನೆಯ ದಿನ ಆ ಕಾಲು ಬಕೆಟ್ಟಿನಲ್ಲಿತ್ತು.

ಈಗ ಏಳನೇ ನಂಬರಿನ ಕೋಣೆಗೆ ಶಿವಲೀಲಳ ಹೆಸರಿನ ಬೋರ್ಡು.
ನನಗಿಂತ ಇಪ್ಪತ್ತೆರಡು ವರ್ಷ ಚಿಕ್ಕವಳು,
ಗಾಯವನ್ನೇ ಎರಡು ವರ್ಷ ಓದಿ ಬಂದವಳು.
ಕಬ್ಬಿನ ಕೂಳೆ ಚುಚ್ಚಿದ್ದು ಯಾವುದು, ಚಪ್ಪಲಿ ಕಚ್ಚಿದ್ದು ಯಾವುದು
ನೋಡಿದೊಡನೆ ಹೇಳುತ್ತಾಳೆ.

ಇವತ್ತು ದೊಡ್ಡಿಯ ಚಿಕ್ಕಬೋರಯ್ಯ ಕಾಲು ಚಾಚಿ
'ಡಾಕ್ಟ್ರು ಎಲ್ಲವ್ವಾ?' ಅಂದ.
'ನಾನೇ ನೋಡೋದು' ಅಂದವಳು
ಸ್ಟೂಲು ಎಳೆದು ಕೂತಳು.
ಕೂತಳು! ಮೂವತ್ತು ವರ್ಷ ನಿಂತ ನನ್ನ ಮಂಡಿ
ಮೊದಲು ಗಮನಿಸಿದ್ದು ಅದನ್ನೇ.

ಸರ್ಜನ್ನರು ಬಾಗಿಲಲ್ಲಿ ಇಣುಕಿ, ತೆಗೆಯೋಣವೇ?
ಬೇಡ. ನಾಲ್ಕು ದಿನ ಕೊಡಿ, ತಳದಲ್ಲಿ ಇನ್ನೂ ಕೆಂಪಿದೆ.
ತಲೆಯಾಡಿಸಿ ಹೋದರು. ಅಷ್ಟೇ.

ಹೊಟ್ಟೆಕಿಚ್ಚೇ? ಇರಬಹುದು, ಚಿಟಿಕೆಯಷ್ಟು.
ಬಾಗಿಲ ಬಳಿ ನಿಂತೇ ಇದ್ದೆ.
ಅವಳು ಕೊನೆಯ ಸುತ್ತು ಬಟ್ಟೆ ಬಿಚ್ಚಿ, ತಿರುಗಿ,
'ಅಕ್ಕಾ, ಒಂಚೂರು ಮೂಸಿ ಹೇಳಿ' ಅಂದಳು.

ಬಗ್ಗಿದೆ.